ಉಡುಗೊರೆ ಚೀಟಿಯ ಬೆನ್ನ ಮೇಲಿನ ಸಣ್ಣಕ್ಷರ

ಉಡುಗೊರೆ ಕೊಡುವುದೂ, ಕೊಂಡವರು ಕಾಲ ಬಂದಾಗ ಅದನ್ನು ಮರಳಿ ಸಲ್ಲಿಸುವುದೂ ನಮ್ಮ ಸಂಸಾರಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಮದುವೆಯ ಮುಯ್ಯಿ, ಗೃಹಪ್ರವೇಶಕ್ಕೆ ತಂದ ಹಿತ್ತಾಳೆಯ ಪಾತ್ರೆ, ಬಸುರಿಗೆ ತುಂಬುವ ಮಡಿಲು, ಹಬ್ಬಕ್ಕೆ ತವರಿನಿಂದ ಬರುವ ಸೀರೆ ಕುಪ್ಪಸ, ಇವೆಲ್ಲವೂ ಬಾಂಧವ್ಯದ ಕುರುಹುಗಳು. ಇವುಗಳಲ್ಲಿ ಯಾವುದರ ಬೆನ್ನ ಮೇಲೂ ಬರಹವಿರಲಿಲ್ಲ. ಮುಯ್ಯಿಯ ಹಣವನ್ನು ಸೋಮವಾರದಿಂದ ಗುರುವಾರದೊಳಗೆ ಮಾತ್ರ ವೆಚ್ಚ ಮಾಡತಕ್ಕದ್ದೆಂದು ಯಾವ ಸೋದರಮಾವನೂ ಬರೆದುಕೊಟ್ಟವನಲ್ಲ. ತವರಿನ ಸೀರೆಯನ್ನು ಮೂರು ತಿಂಗಳೊಳಗೆ ಉಡದಿದ್ದರೆ ಅದು ಅಂಗಡಿಯವನ ಪಾಲಾಗುವುದೆಂದು ಯಾವ ತಾಯಿಯೂ ಹೇಳಿದವಳಲ್ಲ.

ಈಚಿನ ವರ್ಷಗಳಲ್ಲಿ ಉಡುಗೊರೆಯ ರೂಪ ಬದಲಾಗಿದೆ. ದೂರದ ನಗರಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಿರಿಯರ ಹುಟ್ಟುಹಬ್ಬಕ್ಕೋ ವಿವಾಹದ ವಾರ್ಷಿಕೋತ್ಸವಕ್ಕೋ ಬರಲಾಗದೆ ಇದ್ದಾಗ ‘ಗಿಫ್ಟ್ ವೋಚರ್’ ಎಂಬ ಚೀಟಿಯನ್ನು ಕೊಂಡು ಕಳುಹಿಸುತ್ತಾರೆ. ಅದರಲ್ಲಿಯೂ ರೆಸ್ಟೋರೆಂಟಿನ ಊಟದ ಚೀಟಿಗೆ ಬೇಡಿಕೆ ಹೆಚ್ಚು. ಹಿರಿಯರು ಒಂದು ದಿನವಾದರೂ ಒಲೆಯ ಮುಂದೆ ನಿಲ್ಲದೆ, ಕುಳಿತಲ್ಲಿಗೆ ಬಂದ ಊಟವನ್ನು ಸವಿಯಲಿ ಎಂಬ ಭಾವನೆ ಅದರ ಹಿಂದಿದೆ. ಭಾವನೆ ಶ್ರೇಷ್ಠವಾದುದೇ. ಆದರೆ ಚೀಟಿಯ ಮುಖದ ಮೇಲೆ ಹೊನ್ನಿನ ಬಣ್ಣದಲ್ಲಿ ಹೊಳೆಯುವ ಮೊತ್ತಕ್ಕೂ, ಅದರ ಬೆನ್ನ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅಡಗಿ ಕುಳಿತ ಷರತ್ತುಗಳಿಗೂ ಇರುವ ಅಂತರವನ್ನು ನಮ್ಮ ಕುಟುಂಬಗಳು ಇನ್ನೂ ಅರಿತಿಲ್ಲ. ಈ ತಿಂಗಳ ಅಂಕಣವನ್ನು ಆ ವಿಚಾರಕ್ಕೆ ಮೀಸಲಿಡಲಾಗಿದೆ.

ಗಾಜನೂರಿನ ಒಂದು ಮನೆ

ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 12 ಕಿ.ಮೀ. ಸಾಗಿದರೆ ತುಂಗೆಯ ದಡದಲ್ಲಿ ಗಾಜನೂರು ಸಿಗುತ್ತದೆ. ಅಣೆಕಟ್ಟನ್ನೂ, ಮುಂದಿನ ಸಕ್ರೆಬೈಲಿನ ಆನೆ ಬಿಡಾರವನ್ನೂ ನೋಡಲು ಹೋಗುವವರು ಈ ಊರನ್ನು ಹಾದೇ ಹೋಗುತ್ತಾರೆ. ಅಲ್ಲಿಯ ನಮಗೆ ಪರಿಚಿತವಾದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು, ಮನೆಯವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ನಿವೇದಿಸುತ್ತೇವೆ.

ಆ ದಂಪತಿಗಳ ದಾಂಪತ್ಯಕ್ಕೆ ನಲವತ್ತು ವರ್ಷ ತುಂಬಿದ ಸಂದರ್ಭ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಂಗಿಯ ಮಗಳು ತನ್ನ ಸಂಬಳದಲ್ಲಿ ಎರಡು ಸಾವಿರ ರೂಪಾಯಿಗಳ ಊಟದ ಚೀಟಿಯನ್ನು ಕೊಂಡು ಕಳುಹಿಸಿದಳು. ಶಿವಮೊಗ್ಗ ನಗರದ ಒಂದು ಹೊಸ ರೆಸ್ಟೋರೆಂಟಿನ ಚೀಟಿ ಅದು. ಮಗ ಸೊಸೆಯರಿಗೆ ಬಿಡುವು ಇರುವುದು ಭಾನುವಾರವಾದ್ದರಿಂದ ನಾಲ್ವರೂ ಭಾನುವಾರ ಮಧ್ಯಾಹ್ನ ಹೊರಟರು. ತಾಯಿ ಪೆಟ್ಟಿಗೆಯಿಂದ ರೇಷ್ಮೆಯ ಸೀರೆ ತೆಗೆದು ಉಟ್ಟಿದ್ದರು. ರೆಸ್ಟೋರೆಂಟಿನ ಗಲ್ಲಾದ ಬಳಿಯ ತರುಣನು ಚೀಟಿಯನ್ನು ತಿರುಗಿಸಿ ನೋಡಿ, “ಭಾನುವಾರ ಇದು ನಡೆಯೋದಿಲ್ಲ ಯಜಮಾನ್ರೇ, ಹಿಂದ್ಗಡೆ ಬರೆದಿದೆ ನೋಡಿ” ಎಂದನು. ಯಜಮಾನರು, “ನನಗೆ ಇಂಗ್ಲಿಷ್ ಓದೋಕೆ ಬರೋದಿಲ್ಲಪ್ಪ, ನೀನೇ ಓದಿ ಹೇಳು” ಎಂದರು. ಆತನು ಓದಿ ಹೇಳಿದ ಮೇಲೆ ತಿಳಿದದ್ದು ಇಷ್ಟು: ಸೋಮವಾರದಿಂದ ಗುರುವಾರದವರೆಗೆ, ರಾತ್ರಿ ಏಳು ಗಂಟೆಯ ನಂತರ ಮಾತ್ರ ಚೀಟಿ ಸಲ್ಲುತ್ತದೆ, ಒಂದು ದಿನ ಮುಂಚಿತವಾಗಿ ದೂರವಾಣಿಯಲ್ಲಿ ತಿಳಿಸಿರಬೇಕು, ಅದರ ಅವಧಿ ಬರುವ ಬುಧವಾರಕ್ಕೆ ಮುಗಿಯುತ್ತದೆ. ಒಡೆಯರೊಡನೆ ಮಾತನಾಡಬಹುದೇ ಎಂದು ಮಗ ಕೇಳಿದನು. “ಅವರು ಇಲ್ಲ, ಇದು ಕಂಪನಿ ಮಾಡಿರೋ ರೂಲ್ಸು, ನಮ್ಮ ಕೈಲಿ ಏನೂ ಇಲ್ಲ” ಎಂಬ ಉತ್ತರ ಬಂತು. ಹಿಂದೆ ಸಾಲಿನಲ್ಲಿ ನಿಂತವರು ನೋಡುತ್ತಿದ್ದರು. ಒಂದು ಲೋಟ ನೀರು ಕೊಡುವ, ಕುಳಿತುಕೊಳ್ಳಿ ಎನ್ನುವ ಸೌಜನ್ಯವೂ ಅಲ್ಲಿ ಕಾಣಲಿಲ್ಲ. ಯಜಮಾನರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೊರಬಂದರು. ನಾಲ್ವರೂ ಬಸ್ ನಿಲ್ದಾಣದ ಕಡೆಯ ಒಂದು ಖಾನಾವಳಿಯಲ್ಲಿ ಊಟ ಮಾಡಿ ಊರಿಗೆ ಮರಳಿದರು.

ಸಂಜೆ ಬೆಂಗಳೂರಿನಿಂದ ದೂರವಾಣಿ ಬಂತು. “ಊಟ ಹೇಗಿತ್ತು ದೊಡ್ಡಮ್ಮ?” ಎಂದು ಹುಡುಗಿ ಕೇಳಿದಳು. “ಬಾಳ ಚೆನ್ನಾಗಿತ್ತು ಕಣೆ” ಎಂದು ಆ ತಾಯಿ ಉತ್ತರಿಸಿದರು. ಆ ಹುಡುಗಿಗೆ ನಿಜ ತಿಳಿದದ್ದು ಎಷ್ಟೋ ದಿನಗಳ ಬಳಿಕ, ಚೀಟಿಯ ಅವಧಿ ಮುಗಿದ ಮೇಲೆ.

ನಷ್ಟವೇನು?

ಮೇಲುನೋಟಕ್ಕೆ ಇದು ಎರಡು ಸಾವಿರ ರೂಪಾಯಿಗಳ ಪ್ರಶ್ನೆ. ವಿಚಾರ ಮಾಡಿದರೆ ನಷ್ಟ ಅದಕ್ಕಿಂತ ದೊಡ್ಡದು. ಕೊಟ್ಟವಳ ಹಣ ಹೋಯಿತು. ಕೊಂಡವರ ಮಾನಕ್ಕೆ ನಾಲ್ಕು ಜನರೆದುರು ಕುಂದು ಬಂತು. ಎಂದೂ ಸುಳ್ಳಾಡದ ಒಬ್ಬ ತಾಯಿ, ಮಗುವಿನ ಮನಸ್ಸು ನೋಯದಿರಲೆಂದು ಸುಳ್ಳು ಹೇಳಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಗಾದೆಯನ್ನು ನಾವು ಕೇಳಿದ್ದೇವೆ. ಇಲ್ಲಿ ಪೂಜಾರಿಯು ಕಾಣಿಕೆಯನ್ನು ಮೊದಲೇ ಪಡೆದು ಆಮೇಲೆ ಬಾಗಿಲು ಮುಚ್ಚಿದ್ದಾನೆ.

ಇಂಥ ಚೀಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳನ್ನು ಓದುಗರು ಅರಿತಿರುವುದು ಒಳಿತು. ಶನಿವಾರ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಸಲ್ಲದು. ಊರಿನ ಒಂದು ಶಾಖೆಯಲ್ಲಿ ಕೊಂಡದ್ದು ಮತ್ತೊಂದರಲ್ಲಿ ನಡೆಯದು. ಒಂದು ಮೇಜಿಗೆ ಒಂದೇ ಚೀಟಿ. ಎರಡು ಸಾವಿರದ ಚೀಟಿಗೆ ಹದಿನಾಲ್ಕು ನೂರರ ಊಟ ಮಾಡಿದರೆ ಉಳಿದ ಆರು ನೂರು ಮರಳಿ ಬಾರದು. ಇಂತಿಷ್ಟಕ್ಕಿಂತ ಕಡಿಮೆ ಬಿಲ್ಲಾದರೆ ಚೀಟಿ ಸಲ್ಲದು. ಬೇರೆ ರಿಯಾಯಿತಿಯೊಡನೆ ಸೇರಿಸುವಂತಿಲ್ಲ. ಅವಧಿ ಮೂರು ತಿಂಗಳು. ಕಳೆದುಹೋದರೆ ಹೊಣೆಯಿಲ್ಲ. ಕೊನೆಗೆ ‘ಷರತ್ತುಗಳನ್ನು ಪೂರ್ವಸೂಚನೆಯಿಲ್ಲದೆ ಬದಲಾಯಿಸುವ ಹಕ್ಕು ನಮ್ಮದು’ ಎಂಬ ಸಾಲು. ಮೇಲಿನ ಎಲ್ಲ ಸಾಲುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಈ ಕಡೆಯದು. ಏಕೆಂದರೆ ಹಣ ತೆತ್ತವನ ಕೈ ಕಟ್ಟಿ, ಹಣ ಪಡೆದವನ ಕೈಯನ್ನು ಮಾತ್ರ ಬಿಟ್ಟಿರುವ ಮಾತು ಅದು.

ವ್ಯಾಪಾರಿಯ ಪಕ್ಷವನ್ನೂ ಕೇಳುವುದು ಧರ್ಮ. ಭಾನುವಾರ ಜನಸಂದಣಿ ಹೆಚ್ಚು, ಮೇಜುಗಳು ಸಾಲವು. ದಿನಸಿಯ ಬೆಲೆ ಏರುತ್ತಿರುತ್ತದೆ, ಹಳೆಯ ಚೀಟಿಯನ್ನು ಎಂದೆಂದಿಗೂ ನಡೆಸಲಾಗದು. ನಕಲಿ ಚೀಟಿಗಳ ಭಯವೂ ಉಂಟು. ಇವೆಲ್ಲ ಒಪ್ಪತಕ್ಕ ಮಾತುಗಳೇ. ಷರತ್ತು ಇರುವುದು ತಪ್ಪಲ್ಲ. ಷರತ್ತನ್ನು ಅಡಗಿಸುವುದು ತಪ್ಪು. ತುಂಗೆಯ ನಾಲೆಯ ಬಯಲಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿಗೆ ಸರದಿ ಇರಲಿ, ಅದನ್ನು ಮೊದಲೇ ಸಾರಿದರೆ ರೈತನು ಸಸಿಮಡಿಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾನೆ. ನೀರು ಬಿಡುತ್ತೇವೆಂದು ಡಂಗುರ ಹೊಡೆಸಿ, ನಾಟಿಯ ದಿನ ತೂಬು ಮುಚ್ಚಿ, ನಿಯಮವನ್ನು ಕಛೇರಿಯ ಹಿಂಬದಿಯ ಗೋಡೆಯ ಮೇಲೆ ಬರೆದಿದ್ದೇವೆ ಎಂದರೆ ಯಾವ ರೈತನು ತಾನೇ ಸುಮ್ಮನಿದ್ದಾನು? ಚೀಟಿಯ ಮುಖದ ಮೇಲೆ ‘2000 ರೂಪಾಯಿ’ ಎಂದು ಬರೆದಷ್ಟೇ ದಪ್ಪ ಅಕ್ಷರದಲ್ಲಿ ‘ಭಾನುವಾರ ಸಲ್ಲದು’ ಎಂದು ಕನ್ನಡದಲ್ಲಿ ಬರೆದಿದ್ದರೆ ಆ ಹುಡುಗಿ ಅದನ್ನು ಕೊಳ್ಳುತ್ತಿರಲಿಲ್ಲ. ಕೊಳ್ಳುತ್ತಿರಲಿಲ್ಲ ಎಂಬುದೇ ಅದನ್ನು ಅಡಗಿಸಿದ್ದಕ್ಕೆ ಕಾರಣ.

ಬಡಿಸದ ಊಟದ ಹಣ

ಈ ವ್ಯವಹಾರದ ಒಳಗುಟ್ಟೊಂದಿದೆ. ಕೊಂಡ ಚೀಟಿಗಳೆಲ್ಲವೂ ಬಳಕೆಯಾಗುವುದಿಲ್ಲ. ಕೆಲವು ಮರೆವಿನಿಂದ, ಕೆಲವು ಷರತ್ತಿನಿಂದ, ಕೆಲವು ಅವಧಿ ಮೀರಿ ವ್ಯರ್ಥವಾಗುತ್ತವೆ. ಹಾಗೆ ಉಳಿದ ಹಣ ವ್ಯಾಪಾರಿಯ ಲಾಭವಾಗುತ್ತದೆ. ಅಂದರೆ ಷರತ್ತು ಎಷ್ಟು ಬಿಗಿಯೋ ಲಾಭ ಅಷ್ಟು ಹೆಚ್ಚು.

ಈ ಬಗ್ಗೆ ನಮ್ಮ ರಾಜ್ಯದಲ್ಲಿಯೇ ಮಹತ್ತ್ವದ ತೀರ್ಪೊಂದು ಬಂದಿದೆ. ಇಂಥ ಚೀಟಿಗಳನ್ನು ಕೊಂಡು ಬೇರೆ ಸಂಸ್ಥೆಗಳಿಗೆ ಪೂರೈಸುವ ಬೆಂಗಳೂರಿನ ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ, ಚೀಟಿಗೆ ಸರಕು ಮತ್ತು ಸೇವಾ ತೆರಿಗೆ ಬೀಳುತ್ತದೆಯೇ ಎಂಬ ಪ್ರಶ್ನೆ ಎದ್ದಿತ್ತು. 2023ರ ಜನವರಿ 16ರಂದು ಕರ್ನಾಟಕ ಉಚ್ಚ ನ್ಯಾಯಾಲಯವು, ಚೀಟಿಯು ತಾನಾಗಿಯೇ ಸರಕೂ ಅಲ್ಲ ಸೇವೆಯೂ ಅಲ್ಲ, ಅದನ್ನು ಕೊಟ್ಟು ಪಡೆಯುವ ವಸ್ತುವಿಗೆ ಮಾತ್ರ ತೆರಿಗೆ ಎಂಬ ನಿಲುವನ್ನು ತಳೆಯಿತು. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 55ನೆಯ ಸಭೆಯೂ ಇದನ್ನೇ ಶಿಫಾರಸು ಮಾಡಿತು. ಬಳಕೆಯಾಗದೆ ಉಳಿದ ಚೀಟಿಯ ಹಣಕ್ಕೂ ತೆರಿಗೆಯಿಲ್ಲ, ಏಕೆಂದರೆ ಅಲ್ಲಿ ಯಾವ ಪೂರೈಕೆಯೂ ನಡೆದಿಲ್ಲ ಎಂದು ಅದೇ ತಿಂಗಳ 31ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಾಯಿತು.

ತೆರಿಗೆಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಓದುಗರು ಇಲ್ಲಿಯ ತರ್ಕವನ್ನು ಗಮನಿಸಬೇಕು. ತೆರಿಗೆ ಕೊಡುವಾಗ ‘ನಾವು ಏನನ್ನೂ ಬಡಿಸಿಲ್ಲ’ ಎನ್ನುವುದು ಸರಿಯಾದರೆ, ಏನನ್ನೂ ಬಡಿಸದೆ ಗ್ರಾಹಕನ ಹಣವನ್ನು ಇಟ್ಟುಕೊಳ್ಳುವುದು ಯಾವ ನ್ಯಾಯದಿಂದ?

ಇಲ್ಲಿ ದಾಸೋಹದ ಮಾತನ್ನು ತರುವುದು ಬೇಡ. ಮಠದ ಪಂಕ್ತಿಯಲ್ಲಿ ಕುಳಿತವರನ್ನು ಯಾರೂ ಚೀಟಿ ಕೇಳುವುದಿಲ್ಲ, ದಿನ ಕೇಳುವುದಿಲ್ಲ. ಅದು ಬೇರೆಯ ಮಾರ್ಗ. ವ್ಯಾಪಾರಿಯಿಂದ ನಾವು ದಾಸೋಹವನ್ನು ಬೇಡುತ್ತಿಲ್ಲ. ಬೆಲೆ ತೆತ್ತುದನ್ನು ಮಾತ್ರ ಕೇಳುತ್ತಿದ್ದೇವೆ. ಆದರೆ ಕಾಯಕದ ಅಳತೆ ವ್ಯಾಪಾರಕ್ಕೂ ಸಲ್ಲುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ನಮ್ಮ ಪಾಲಿನದಲ್ಲದ್ದು ನಮಗೆ ಬೇಡವೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತೇವೆ. ಆ ಕಥೆಯನ್ನು ಕೇಳಿ ಬೆಳೆದವರ ಗಲ್ಲಾಪೆಟ್ಟಿಗೆಯಲ್ಲಿ ಬಡಿಸದ ಊಟದ ಹಣ ಉಳಿಯಬಾರದು.

ಕಾನೂನಿನ ಆಸರೆ

ಸಣ್ಣ ಅಕ್ಷರದ ಷರತ್ತು ಹೊಸ ರೋಗವಲ್ಲ. ಲಾಂಡ್ರಿಗೆ ಕೊಟ್ಟ ಹೊಸ ಸೀರೆ ಕಳೆದುಹೋಗಿ, ರಸೀದಿಯ ಮೇಲೆ ಅಚ್ಚಾದ ಷರತ್ತಿನಂತೆ ಅರ್ಧ ಬೆಲೆಯನ್ನು ಮಾತ್ರ ಕೊಡುವೆವೆಂದು ಅಂಗಡಿಯವರು ವಾದಿಸಿದ ಒಂದು ಮೊಕದ್ದಮೆ 1960ರ ದಶಕದಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಅಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಚ್ಚು ಹಾಕಿಸಿದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು ಎಂಬುದು ಅಂದಿನಿಂದಲೂ ನಮಗೆ ದೊರೆತಿರುವ ಆಸರೆ.

1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರ ಬದಲಿಗೆ ರಚಿತವಾದ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿತು. ಹಣ ಕೊಟ್ಟವನು ಮಾತ್ರವಲ್ಲದೆ, ಆತನ ಒಪ್ಪಿಗೆಯಿಂದ ಆ ಸೇವೆಯ ಪ್ರಯೋಜನ ಪಡೆಯುವವನೂ ಈ ಕಾಯ್ದೆಯ ಪ್ರಕಾರ ಗ್ರಾಹಕನೇ. ಆದ್ದರಿಂದ ಉಡುಗೊರೆ ಪಡೆದವರು ‘ಹಣ ನಮ್ಮದಲ್ಲವಲ್ಲ’ ಎಂದು ತಲೆ ತಗ್ಗಿಸಬೇಕಾಗಿಲ್ಲ. ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವ ಜಾಹೀರಾತನ್ನು ದಾರಿತಪ್ಪಿಸುವ ಜಾಹೀರಾತೆಂದು ಕಾಯ್ದೆ ಕರೆಯುತ್ತದೆ. ಇದಕ್ಕೆ ಪೂರಕವಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಜಾಹೀರಾತಿನ ಷರತ್ತಿನ ಸಾಲುಗಳು ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಅಕ್ಷರವಿನ್ಯಾಸದಲ್ಲಿ ಇರಬೇಕೆಂದು ಹೇಳಿದೆ. ಕನ್ನಡದಲ್ಲಿ ಕರೆದು ಇಂಗ್ಲಿಷಿನಲ್ಲಿ ಹೊರಗಟ್ಟುವುದಕ್ಕೆ ಇದು ತಕ್ಕ ಉತ್ತರ.

ಚೀಟಿಗಳಲ್ಲಿ ಎರಡು ಬಗೆಯಿದೆ. ಹಲವು ಅಂಗಡಿಗಳಲ್ಲಿ ನಡೆಯುವಂತೆ ಬ್ಯಾಂಕುಗಳೂ ಅನುಮತಿ ಪಡೆದ ಸಂಸ್ಥೆಗಳೂ ಕೊಡುವ ಉಡುಗೊರೆ ಕಾರ್ಡುಗಳು ಭಾರತೀಯ ರಿಸರ್ವ್ ಬ್ಯಾಂಕಿನ ಹಿಡಿತಕ್ಕೆ ಒಳಪಟ್ಟವು. 2021ರ ಆಗಸ್ಟ್ 27ರ ನಿರ್ದೇಶನವು ಇವುಗಳ ಗರಿಷ್ಠ ಮೌಲ್ಯವನ್ನು 10,000 ರೂಪಾಯಿ ಎಂದೂ, ಕನಿಷ್ಠ ಅವಧಿಯನ್ನು ಒಂದು ವರ್ಷವೆಂದೂ ಗೊತ್ತುಪಡಿಸಿತು. ಅವಧಿ ಮುಗಿಯುವ ಮುನ್ನ 45 ದಿನಗಳ ಕಾಲ ಆಗಾಗ ಎಚ್ಚರಿಸಬೇಕು, ಅವಧಿ ಮುಗಿದ ಮೇಲೂ ಉಳಿದ ಹಣವನ್ನು ಮೂರು ವರ್ಷದವರೆಗೆ ಲಾಭದ ಖಾತೆಗೆ ಸೇರಿಸಬಾರದು ಎಂದೂ ವಿಧಿಸಿತು. ಆದರೆ ಒಂದು ರೆಸ್ಟೋರೆಂಟು ತನ್ನಲ್ಲಿ ಮಾತ್ರ ನಡೆಯುವಂತೆ ತಾನೇ ಕೊಡುವ ಚೀಟಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಅದೇ ಕಾರಣದಿಂದ ಮೂರು ತಿಂಗಳ ಅವಧಿ, ಭಾನುವಾರದ ನಿಷೇಧ ಮುಂತಾದವು ಅಂಥ ಚೀಟಿಗಳಲ್ಲಿಯೇ ಹೆಚ್ಚು.

ಹೊರದೇಶಗಳಲ್ಲಿ ಈ ಬಿರುಕನ್ನು ಮುಚ್ಚಿದ್ದಾರೆ. ಕೆನಡಾದ ಒಂಟಾರಿಯೋ ಪ್ರಾಂತ್ಯವು 2007ರಲ್ಲಿ ಉಡುಗೊರೆ ಕಾರ್ಡುಗಳಿಗೆ ಅವಧಿ ಹಾಕುವುದನ್ನೇ ಸಾಮಾನ್ಯವಾಗಿ ನಿಷೇಧಿಸಿತು. ಅಮೆರಿಕದಲ್ಲಿ 2009ರ ಕಾನೂನಿನ ಮೂಲಕ ಕನಿಷ್ಠ ಐದು ವರ್ಷದ ಅವಧಿ ಗೊತ್ತಾಯಿತು. 2019ರಲ್ಲಿ ಆಸ್ಟ್ರೇಲಿಯವು ಮೂರು ವರ್ಷವನ್ನೂ, ಐರ್ಲೆಂಡ್ ಐದು ವರ್ಷವನ್ನೂ ಕನಿಷ್ಠ ಅವಧಿಯಾಗಿ ವಿಧಿಸಿದವು. ಐರ್ಲೆಂಡಿನಲ್ಲಿ ಚೀಟಿಯ ಪೂರ್ತಿ ಮೊತ್ತವನ್ನು ಒಂದೇ ಸಲಕ್ಕೆ ಮುಗಿಸಬೇಕೆಂಬ ಷರತ್ತನ್ನೂ ಕಾನೂನು ತೆಗೆದುಹಾಕಿತು. ಅಲ್ಲಿಯ ಹೋಟೆಲುಗಳು ಇದರಿಂದ ಮುಳುಗಿಹೋಗಲಿಲ್ಲ. ನಮ್ಮ ಶಾಸಕರೂ ಸಂಸದರೂ ಈ ಕಡೆ ಗಮನ ಹರಿಸಬೇಕು.

ಏನು ಮಾಡಬೇಕು?

ಮೊದಲನೆಯದಾಗಿ, ಕೊಡುವವರಿಗೆ ಒಂದು ಮಾತು. ಚೀಟಿಯನ್ನು ಕೊಳ್ಳುವ ಮುನ್ನ ಬೆನ್ನನ್ನು ಓದಿರಿ. ಯಾವ ದಿನ, ಯಾವ ವೇಳೆ, ಯಾವ ಶಾಖೆ, ಎಷ್ಟು ಅವಧಿ, ಉಳಿದ ಹಣದ ಗತಿ ಏನು ಎಂಬ ಐದು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿಯೋ ಮೊಬೈಲಿನ ಸಂದೇಶದಲ್ಲಿಯೋ ಪಡೆಯಿರಿ. ಹಣ ತೆತ್ತ ರಸೀದಿಯನ್ನು ನೀವು ಇಟ್ಟುಕೊಂಡು, ಷರತ್ತುಗಳನ್ನು ಹಿರಿಯರಿಗೆ ಕನ್ನಡದಲ್ಲಿ ತಿಳಿಸಿರಿ. ಉತ್ತರ ಸರಿಯಾಗಿ ಸಿಗದಿದ್ದರೆ ಆ ಹಣವನ್ನೇ ಲಕೋಟೆಯಲ್ಲಿಟ್ಟು ಮುಯ್ಯಿಯಾಗಿ ಕೊಡಿರಿ. ನಮ್ಮ ಹಿರಿಯರು ಮಾಡಿದ ಆ ಪದ್ಧತಿ ಎಲ್ಲ ಅಂಗಡಿಗಳಲ್ಲಿಯೂ, ಎಲ್ಲ ದಿನಗಳಲ್ಲಿಯೂ ಸಲ್ಲುತ್ತದೆ.

ಪಡೆದವರಿಗೆ ಎರಡನೆಯ ಮಾತು. ಚೀಟಿ ಬಂದ ವಾರವೇ ಅದನ್ನು ಬಳಸಿರಿ ಅಥವಾ ದೂರವಾಣಿಯಲ್ಲಿ ದಿನ ಗೊತ್ತುಮಾಡಿರಿ. ನಿರಾಕರಿಸಿದರೆ ಜಗಳಕ್ಕಿಳಿಯದೆ, ನಿರಾಕರಣೆಯ ಕಾರಣವನ್ನು ಬರೆದುಕೊಡಲು ಕೇಳಿರಿ. ಬರೆದುಕೊಡದಿದ್ದರೆ ಚೀಟಿಯ ಎರಡೂ ಬದಿಗಳ ಚಿತ್ರವನ್ನು ತೆಗೆದು, ದಿನ ವೇಳೆಗಳನ್ನು ನೀವೇ ಗುರುತು ಹಾಕಿಕೊಳ್ಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟವರಿಗೆ ನಿಜವನ್ನು ಹೇಳಿರಿ. ನಾಚಿಕೆಪಡಬೇಕಾದವರು ನೀವಲ್ಲ. ನೀವು ಮುಚ್ಚಿಟ್ಟರೆ ಅವರು ಇನ್ನೊಬ್ಬರಿಗೆ ಅದೇ ಚೀಟಿಯನ್ನು ಕೊಂಡುಕೊಡುತ್ತಾರೆ.

ಅನಂತರ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಸಣ್ಣ ಮೊತ್ತದ ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ಬಗೆಹರಿಯುತ್ತವೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಗಾಜನೂರಿನವರು ಬೆಂಗಳೂರಿನ ಕಂಪನಿಯ ಮೇಲೆಯೂ ಶಿವಮೊಗ್ಗದಲ್ಲಿಯೇ ದೂರು ಕೊಡಬಹುದು. ದೂರುದಾರನು ವಾಸವಿರುವ ಸ್ಥಳದಲ್ಲಿ ದಾವೆ ಹೂಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ತೆತ್ತ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂಬ ನಿಯಮವಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಒಂದು ಭೇದವನ್ನು ಮಾತ್ರ ನೆನಪಿಡಬೇಕು. ಸೇವೆಯ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಯ ದೂರನ್ನು ಜಿಲ್ಲಾ ಆಯೋಗವು ಆಲಿಸುತ್ತದೆ. ಷರತ್ತನ್ನೇ ಅನ್ಯಾಯದ ಕರಾರೆಂದು ಘೋಷಿಸಬೇಕೆಂದು ಕೇಳುವುದಾದರೆ ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ.

ಎರಡು ಸಾವಿರಕ್ಕೆ ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. ನೂರು ಜನ ಹಾಗೆ ಸುಮ್ಮನಾದರೆ ಅದು ಎರಡು ಲಕ್ಷವಾಗುತ್ತದೆ. ಗ್ರಾಹಕನ ಸಂಕೋಚವೇ ಅಲ್ಲಿ ವ್ಯಾಪಾರಿಯ ಬಂಡವಾಳ.

ಕಡೆಯದಾಗಿ, ನಮ್ಮ ಸಮಾಜದಲ್ಲಿ ಖಾನಾವಳಿ, ಹೋಟೆಲು, ರೆಸ್ಟೋರೆಂಟುಗಳನ್ನು ನಡೆಸುವ ಬಂಧುಗಳು ಅನೇಕರಿದ್ದಾರೆ. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಚೀಟಿ ಮಾರುವುದಾದರೆ ಷರತ್ತನ್ನು ಮುಖದ ಮೇಲೆ ಕನ್ನಡದಲ್ಲಿ ಬರೆಯಿಸಿರಿ. ಅವಧಿಯನ್ನು ಒಂದು ವರ್ಷಕ್ಕೆ ಕಡಿಮೆ ಮಾಡಬೇಡಿರಿ. ಉಳಿದ ಹಣಕ್ಕೆ ಮತ್ತೊಂದು ಚೀಟಿ ಕೊಡಿರಿ. ಗಲ್ಲಾದ ಮುಂದಿನ ತರುಣನಿಗೆ, ಇಂಥ ಸಂದರ್ಭದಲ್ಲಿ ತನ್ನ ವಿವೇಚನೆಯಿಂದ ‘ಬನ್ನಿ, ಕೂತ್ಕೊಳ್ಳಿ’ ಎನ್ನುವ ಅಧಿಕಾರವನ್ನು ಕೊಡಿರಿ. ಆತನು ಒಡೆಯನ ನಿಯಮವನ್ನು ಪಾಲಿಸುವವನು. ಬಂದವರು ಬೈಯುವುದು ಮಾತ್ರ ಅವನನ್ನು. ಒಂದು ಭಾನುವಾರ ನಾಲ್ಕು ಎಲೆ ಹೆಚ್ಚು ಹಾಕಿದರೆ ಯಾವ ಹೋಟೆಲೂ ಬಡವಾಗದು. ಬೆಲೆ ಪಡೆದ ಮೇಲೆ ಎಲೆ ಹಾಕುವುದು ಉಪಕಾರವಲ್ಲ, ಋಣ. ಆ ಋಣವನ್ನು ಸಣ್ಣಕ್ಷರದ ಮರೆಯಲ್ಲಿ ತೀರಿಸದೆ ಉಳಿಸಿಕೊಂಡವನು ಉಳಿದೆಲ್ಲ ಲೆಕ್ಕವನ್ನು ಎಷ್ಟು ಚೊಕ್ಕಟವಾಗಿ ಬರೆದರೂ ಅವನ ಖಾತೆ ಮುಗಿದಿರುವುದಿಲ್ಲ.